ಹನ್ನೊಂದನೆಯ ಹುಡುಗಿ

ನಮ್ಮ ಭಾವನವರು ಮೊನ್ನೆ ಮೊನ್ನೆಯವರೆಗೂ ದಿನಾ ಬೆಳಿಗ್ಗೆ ಹೆಣ್ಣು ನೋಡಲು ಹೋಗುತ್ತಿದ್ದರು. ಸುಳ್ಳಲ್ಲ. ವಯಸ್ಸು ಅರವತ್ತು ದಾಟಿದೆ, ತಲೆಯಲ್ಲಿ ಕರಿಕೂದಲು ಹುಡುಕಿದರೂ ಸಿಗುವುದಿಲ್ಲ, ಮದುವೆಯಂತೂ ಆಗಲೇ ಇಲ್ಲ. ಆದರೂ ಹಾಲಿನವನು ಬರುವ ಮೊದಲೇ ಎದ್ದು, ಬಿಳಿ ಕ್ಯಾನ್ವಾಸ್ ಬೂಟು ಬಿಗಿದುಕೊಂಡು ಪುಣೆಯ ಹತ್ತಿರದ ನಮ್ಮ ನಿಗಡಿಯ ಓಣಿ ಓಣಿ ಸುತ್ತಿ ಬರುತ್ತಿದ್ದರು. ಬಂದವರು ಚಹಾ ಕುಡಿಯುತ್ತ, "ಗಣಪತಿ ಗುಡಿ ಹಿಂದಿನ ಮನಿ ಹುಡುಗಿ ಚಲೋ ಇದ್ದಾಳವಾ. ಸೊಂಟ ಭಾಳ ಚಲೋ ಅದ" ಎಂದು ವರದಿ ಒಪ್ಪಿಸುತ್ತಿದ್ದರು. ಯಾರ ಮುಂದೆ? ನನ್ನ ಮುಂದೆ, ಅಂದರೆ ಸ್ವಂತ ತಮ್ಮನ ಹೆಂಡತಿಯ ಮುಂದೆ! ಇದನ್ನು ಕೇಳಿ ನೀವು ಏನೆಂದುಕೊಳ್ಳುತ್ತೀರೋ ನಮ್ಮ ಕೆಳಗಿನ ಮನೆಯವರೂ ಅದನ್ನೇ ಅಂದುಕೊಂಡಿದ್ದರು. ಪಾಪ, ಅವರಿಗೆ ಹಾಕಿ ಆಟದ ಗಂಧವಿಲ್ಲ.

ಹಾಕಿ ಎಂದರೆ ಬಗ್ಗುವ ಆಟ. ಇದು ನನ್ನ ಮಾತಲ್ಲ, ಭಾವನವರದು. ಓಡುವುದನ್ನು ಕಲಿಸಬಹುದು, ಹೊಡೆಯುವುದನ್ನು ಕಲಿಸಬಹುದು, ಆದರೆ ತಾಸುಗಟ್ಟಲೆ ಬಗ್ಗಿಕೊಂಡೇ ಇರುವ ಸೊಂಟವನ್ನು ಮಾತ್ರ ದೇವರೇ ಕೊಡಬೇಕು ಎಂಬುದು ಅವರ ಸಿದ್ಧಾಂತ. ಈಗಿನ ಕಾಲದಲ್ಲಿ ಯಾರು ಎಲ್ಲಿ ಬಗ್ಗುತ್ತಾರೆ ಹೇಳಿ? ನೆಲ ಒರೆಸಲು ಉದ್ದನೆಯ ಕೋಲು, ಬಟ್ಟೆ ಒಗೆಯಲು ಮಷೀನು, ಅಡಿಗೆಗೆ ಸೊಂಟಮಟ್ಟದ ಕಟ್ಟೆ. ಉಳಿದದ್ದು ಅಂಗಳದ ರಂಗೋಲಿ ಒಂದೇ. ಅದರಲ್ಲೂ ಕುಕ್ಕರಗಾಲಲ್ಲಿ ಕೂತು ಹಾಕುವವರನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಂತು, ಸೊಂಟದಿಂದ ಬಗ್ಗಿ, ಮೊದಲ ಚುಕ್ಕಿಯಿಂದ ಕೊನೆಯ ಗೆರೆಯವರೆಗೆ ಒಮ್ಮೆಯೂ ನೆಟ್ಟಗಾಗದೆ ಮುಗಿಸುವ ಹುಡುಗಿ ಕಂಡರೆ ಅಲ್ಲೇ ನಿಂತುಬಿಡುತ್ತಾರೆ. ದೀಪಾವಳಿಯೆಂದರೆ ಊರಿಗೆಲ್ಲ ಚಕ್ಕುಲಿ ಉಂಡಿಗಳ ಫರಾಳದ ಹಬ್ಬ, ನಮ್ಮ ಭಾವನವರಿಗೆ ಆಟಗಾರ್ತಿಯರನ್ನು ಆರಿಸುವ ಸುಗ್ಗಿ.

ಇಷ್ಟು ಹೇಳಿದ ಮೇಲೆ ಅವರು ಯಾರೆಂದು ಹೇಳಿಯೇ ಬಿಡುತ್ತೇನೆ. ನಿಗಡಿ ಮತ್ತು ಆಕುರ್ಡಿಯ ನಡುವಿನ ಒಂದು ಕಾಲೇಜಿನಲ್ಲಿ ಅವರು ಹುಡುಗಿಯರ ಹಾಕಿ ಕೋಚ್. ಧಾರವಾಡದಿಂದ ಪಿಂಪ್ರಿಗೆ ಬಂದದ್ದೇ ಹಾಕಿ ಸ್ಟಿಕ್ ಹಿಡಿದುಕೊಂಡು. ಆಗ ಇಲ್ಲಿಯ ಫ್ಯಾಕ್ಟರಿಗಳಿಗೆ ತಮ್ಮ ತಮ್ಮ ಟೀಮುಗಳಿದ್ದವಂತೆ. ಲೇಥ್ ಮಷೀನಿನ ಮೂತಿ ಯಾವ ಕಡೆಗಿದೆ ಎಂದು ತಿಳಿಯದವನಿಗೂ ಡ್ರಿಬ್ಲಿಂಗ್ ಬಂದರೆ ನೌಕರಿ ಸಿಗುತ್ತಿತ್ತಂತೆ. ಮುಂದೆ ಅವರ ಮೊಣಕಾಲು ಹೋಯಿತು. ಅದರ ಹಿಂದೆಯೇ ಫ್ಯಾಕ್ಟರಿಯ ಟೀಮೂ ಹೋಯಿತು. ಆಗ ಈ ಕಾಲೇಜಿನವರು, ಖಾಯಂ ಕೋಚ್ ಸಿಗುವವರೆಗೆ ಸ್ವಲ್ಪ ದಿನ ನೋಡಿಕೊಳ್ಳಿ ಎಂದು ಕರೆದರು. ಆ ಖಾಯಂ ಕೋಚ್ ಇಂದಿಗೂ ಬಂದಿಲ್ಲ. ಹೀಗಾಗಿ ನಮ್ಮ ಭಾವನವರ ಇಡೀ ಜೀವಮಾನದ ಉದ್ಯೋಗ ಸ್ವಲ್ಪ ದಿನದ್ದು.

ರಂಗೋಲಿಯ ವಿಷಯಕ್ಕೆ ಬರೋಣ. ಒಂದು ದೀಪಾವಳಿಯ ಬೆಳಿಗ್ಗೆ ನನ್ನ ಮೊಬೈಲಿಗೆ ಒಂದು ಫೋನು ಬಂತು. ಹತ್ತಿರದ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಮರಾಠಿಯಲ್ಲಿ, "ಬಾಯಿ, ನಿಮ್ಮ ಮನೆಯ ಮುದುಕರನ್ನು ಹಿಡಿದು ಕೂಡಿಸಿದ್ದೇವೆ, ಬಂದು ಕರೆದುಕೊಂಡು ಹೋಗಿ" ಎಂದ. ಅಂಬಡೆಗೆ ರುಬ್ಬುತ್ತಿದ್ದವಳು ಕೈ ತೊಳೆದು ಓಡಿದೆ. ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಭಾವನವರು ರಾಜಠೀವಿಯಿಂದ ಕೂತಿದ್ದರು. ಎದುರಿಗೆ ಕೆಂಡವಾಗಿದ್ದ ಒಬ್ಬ ತಾಯಿ, ಅವಳ ಹಿಂದೆ ಕೈತುಂಬ ರಂಗೋಲಿ ಪುಡಿ ಮೆತ್ತಿಕೊಂಡ ಮಗಳು. ಇವರು ಕೇಳಿದ್ದಿಷ್ಟೇ: "ನಿಮ್ಮ ಮಗಳು ಇನ್ನೂ ಎಷ್ಟು ಹೊತ್ತು ಹೀಗೇ ಬಗ್ಗಿ ನಿಲ್ಲುತ್ತಾಳೆ? ನಾನು ನೋಡುತ್ತ ನಿಲ್ಲುತ್ತೇನೆ." ತಾಯಿಗೆ ಸಿಟ್ಟು ಬರದೆ ಇನ್ನೇನು? ನಾನು ಹಾಕಿ, ಕಾಲೇಜು, ಸೊಂಟ ಎಲ್ಲವನ್ನೂ ಬಿಡಿಸಿ ಹೇಳಿ, ಕೈಮುಗಿದು, ಫರಾಳಕ್ಕೆ ಕರೆದು, ಹೇಗೋ ಸಮಾಧಾನ ಮಾಡಿ ಅವರನ್ನು ಹೊರಗೆ ತಂದೆ. ರಸ್ತೆಗೆ ಬಂದ ಮೇಲೆ ಭಾವನವರು ತಿರುಗಿ ನೋಡಿ ನಿಟ್ಟುಸಿರುಬಿಟ್ಟರು.

"ಮಗಳು ಅಷ್ಟಕ್ಕಷ್ಟ ಇದ್ದಾಳವಾ. ಅವ್ವ ಮಾತ್ರ ಭಾಳ ಚಲೋ ಬಗ್ಗತಾಳ. ವಯಸ್ಸಾಗೇದ, ಏನ್ ಮಾಡೂದು."

ಅವರನ್ನು ಮದುವೆ ಮುಂಜಿಗಳಿಗೆ ಕರೆದೊಯ್ಯುವುದೂ ಇದೇ ಕಾರಣಕ್ಕೆ ಕಷ್ಟ. ನಮ್ಮ ಸಂಬಂಧಿಕರೊಬ್ಬರು ಹೊಸ ಸೊಸೆಯನ್ನು ತೋರಿಸಿ ಹೇಗಿದ್ದಾಳೆ ಎಂದು ಕೇಳಿದಾಗ, ಮೇಲಿಂದ ಕೆಳಗೆ ನೋಡಿ, "ಲೆಫ್ಟ್ ಔಟ್ ಆಡಿಸಬಹುದು" ಎಂದಿದ್ದರು. ಆ ಮನೆಯವರು ಎರಡು ವರ್ಷ ನಮ್ಮನ್ನು ಯಾವುದಕ್ಕೂ ಕರೆಯಲಿಲ್ಲ.

ಇಷ್ಟೆಲ್ಲ ಪಾಡು ಪಟ್ಟು ಕಟ್ಟಿದ ಟೀಮು ಗೆಲ್ಲುತ್ತಿತ್ತೇ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ. ಸೋಲುವುದರಲ್ಲಿ ನಮ್ಮ ಭಾವನವರ ಟೀಮಿಗೆ ಸರಿಸಾಟಿ ಈ ಜಿಲ್ಲೆಯಲ್ಲೇ ಇರಲಿಲ್ಲ. ಬೇರೆ ಕಾಲೇಜುಗಳ ಹುಡುಗಿಯರು ಹಸಿರು ಟರ್ಫಿನ ಮೇಲೆ ಕಲಿತವರು. ಇವರ ಹುಡುಗಿಯರದು ಕೆಮ್ಮಣ್ಣಿನ ಮೈದಾನ, ಚೆಂಡಿಗಿಂತ ಹೆಚ್ಚು ಕಲ್ಲುಗಳೇ ಪುಟಿಯುತ್ತಿದ್ದವು. ಆದರೆ ಸೋತ ದಿನ ಒಂದು ಪದ್ಧತಿ ಇತ್ತು. ಮೈದಾನದಿಂದ ನೇರವಾಗಿ, ಧೂಳು ಮೆತ್ತಿಕೊಂಡ ಬಟ್ಟೆಯಲ್ಲೇ, ಇಡೀ ಟೀಮನ್ನು ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸುತ್ತಿದ್ದರು. ಗೆದ್ದರೆ ಏನೂ ಇಲ್ಲ. ಗೆದ್ದರೆ, "ನಡೀರಿ ಮನೀಗೆ" ಅಷ್ಟೇ.

ಅಪರೂಪಕ್ಕೆ ಒಮ್ಮೆ ಗೆದ್ದಾಗ ಹುಡುಗಿಯರು ಮುಖ ಊದಿಸಿಕೊಂಡು ನಿಂತಿದ್ದರಂತೆ. ಒಬ್ಬಳು, "ಸರ್, ಮುಂದಿನ ಸಲ ನಮ್ಮ ಗೋಲಿಗೇ ಹೊಡೀತೀನಿ" ಎಂದಳಂತೆ.

ಹೋಟೆಲಿನ ಶೆಟ್ಟರು ಕುಂದಾಪುರದ ಕಡೆಯವರು. ಕಾಲೇಜಿನ ಮ್ಯಾಚು ಯಾವತ್ತು ಎಂದು ಪ್ರಾಂಶುಪಾಲರಿಗೆ ತಿಳಿಯದಿದ್ದರೂ ಶೆಟ್ಟರಿಗೆ ತಿಳಿದಿರುತ್ತಿತ್ತು. ಒಮ್ಮೆ ಮ್ಯಾಚಿನ ಹಿಂದಿನ ಸಂಜೆ ಭಾವನವರು ಕಾಫಿಗೆಂದು ಹೋದಾಗ ಒಳಗೆ ದೊಡ್ಡ ಪಾತ್ರೆಯಲ್ಲಿ ಹಿಟ್ಟು ರುಬ್ಬಿಟ್ಟದ್ದು ಕಂಡಿತು.

"ಏನ್ರಿ ಶೆಟ್ರ, ನಾಳೆ ಯಾರದರ ಮದಿವಿ ಅದ ಏನು?"

"ಮದುವೆ ಎಂತದ್ದು ಮಾರಾಯ್ರೆ, ನಾಳೆ ನಿಮ್ಮ ಮ್ಯಾಚ್ ಉಂಟಲ್ಲ."

"ಅಂದ್ರ, ನಾವು ಸೋಲತೀವಂತ ಆಗಲೇ ಠರಾಯಿಸಿಬಿಟ್ರಿ?"

"ಹಾಗಲ್ಲ. ನಿಮ್ಮ ಮೇಲೆ ನಂಗೆ ಅಷ್ಟು ನಂಬಿಕೆ."

ಭಾವನವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದರು. ಮರುದಿನ ಸಂಜೆ ಟೀಮಿನೊಂದಿಗೆ ತಲೆ ತಗ್ಗಿಸಿಕೊಂಡು ಅಲ್ಲಿಗೇ ಹೋಗಬೇಕಾಯಿತು. ಶೆಟ್ಟರು ಕಾವಲಿಗೆ ನೀರು ಚಿಮುಕಿಸಿದರಂತೆ.

ಸೋತವರಿಗೆ ದೋಸೆ ಯಾಕೆ, ಗೆದ್ದವರಿಗೆ ಯಾಕಿಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. "ಗೆದ್ದವರಿಗೆ ಮನ್ಯಾಗ ಶಿರಾ ಮಾಡಿ ಹಾಕತಾರವಾ. ಸೋತು ಹ್ವಾದ್ರ, ಹೆಣ್ಣಹುಡುಗಿ ಆಗಿ ಮೊಣಕಾಲ ಕೆತ್ತಿಸಿಕೊಂಡು ಬಂದಿ, ಸಾಕ್ ಮಾಡು ಇನ್ನ ಅಂತಾರ. ಉಂಡಿಯೇನು ಅಂತ ಯಾರೂ ಕೇಳೂದಿಲ್ಲ" ಎಂದರು. ನಾನು ನಕ್ಕುಬಿಟ್ಟೆ. ಆಗ ನಮ್ಮವರು ಇನ್ನೂ ಇದ್ದರು. ಅಣ್ಣನ ಈ ದೋಸೆಯ ಶಾಸ್ತ್ರವನ್ನು ಆಫೀಸಿನಲ್ಲೆಲ್ಲ ಹೇಳಿ ನಗಿಸುತ್ತಿದ್ದವರು ಅವರೇ.

ನಮ್ಮವರು ಹೋದದ್ದು ಒಂದು ಮಳೆಗಾಲದಲ್ಲಿ, ಆಫೀಸಿಗೆಂದು ಚಪ್ಪಲಿ ಮೆಟ್ಟುತ್ತಿದ್ದಾಗ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಧಾರವಾಡದಿಂದ ಬಂಧು ಬಳಗವೆಲ್ಲ ಬಂದು ಮನೆ ತುಂಬಿತು. ಎಲ್ಲರೂ ಅತ್ತರು, ಎಲ್ಲರೂ ಸಮಾಧಾನ ಹೇಳಿದರು. ಅನ್ನದ ತಟ್ಟೆ ಮುಂದಿಟ್ಟರೆ ನಾನು ಬದಿಗೆ ಸರಿಸುತ್ತಿದ್ದೆ. ಕರ್ಮಗಳು ಇನ್ನೂ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಭಾವನವರು ಬಾಗಿಲಲ್ಲಿ ಬಂದು ನಿಂತು, "ಏಳವಾ, ಹೋಗೋಣ" ಎಂದರು. ಎಲ್ಲಿಗೆ, ಏನು ಎಂದು ಕೇಳುವ ತ್ರಾಣವೂ ನನಗಿರಲಿಲ್ಲ. ಎದ್ದು ಹೋಗಿ ರಿಕ್ಷಾದಲ್ಲಿ ಕೂತೆ. ರಿಕ್ಷಾ ಉಡುಪಿ ಹೋಟೆಲಿನ ಮುಂದೆ ನಿಂತಿತು.

ಸೂತಕದಲ್ಲಿ ಹೋಟೆಲು! ನಮ್ಮ ಅತ್ತೆಯ ತಂಗಿ ಇಂದಿಗೂ ಈ ಮಾತೆತ್ತಿ ಭಾವನವರಿಗೆ ಬೈಯುತ್ತಾರೆ. ಒಳಗೆ ಹೋದಾಗ ಶೆಟ್ಟರು ನನ್ನ ಮುಖ ನೋಡಿದರು, ಗೋಡೆಯ ಮೇಲಿನ ಟಿವಿ ಬಂದ್ ಮಾಡಿಸಿದರು, ಕೇಳದೆಯೇ ದೋಸೆ ತಂದು ತಾವೇ ಇಟ್ಟರು. ಭಾವನವರು ಎದುರಿಗೆ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಅಳುತ್ತ ತಿಂದೆ. ಅಳು ಹೆಚ್ಚಾಗಿ ನಿಲ್ಲಿಸಿದಾಗ, "ಪೂರಾ ತಿನ್ನವಾ, ಅವಸರ ಇಲ್ಲ" ಎಂದರು. ಬಂದವರೆಲ್ಲ ನನಗೆ ಧೈರ್ಯ ತಂದುಕೋ, ಮರೆತುಬಿಡು, ದೇವರ ಇಚ್ಛೆ ಎಂದು ಹೇಳಿದ್ದರು. ನಾನು ಸೋತು ಕೂತಿದ್ದೇನೆ ಎಂದು ಒಪ್ಪಿಕೊಂಡವರು ಇವರೊಬ್ಬರೇ. ಮೂರು ದಿನದ ಮೇಲೆ ಹೊಟ್ಟೆಗೆ ಬಿದ್ದ ಮೊದಲ ತುತ್ತು ಅದು.

ಅಂದಿನಿಂದ ಮನೆಯಲ್ಲಿ ನಾವಿಬ್ಬರೇ. ನಾನು ನನ್ನ ವಿಮಾ ಕಚೇರಿಗೆ ಹೋಗುತ್ತೇನೆ, ಅವರು ಮೈದಾನಕ್ಕೆ ಹೋಗುತ್ತಾರೆ. ಸಂಜೆ ನಾನು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಮಂದಿ ಬಂದಿದ್ರು?" ಮೊದಮೊದಲು ಹದಿನೆಂಟು ಇಪ್ಪತ್ತು ಎನ್ನುತ್ತಿದ್ದರು. ಆಮೇಲೆ ಹದಿನಾಲ್ಕಾಯಿತು. ಒಬ್ಬಳು ಪೊಲೀಸ್ ಭರತಿಯ ಕ್ಲಾಸಿಗೆ, ಒಬ್ಬಳು ಕ್ರಿಕೆಟ್ಟಿಗೆ, ಒಬ್ಬಳು ಗಂಡನ ಮನೆಗೆ, ಹೀಗೆ ಒಬ್ಬೊಬ್ಬರಾಗಿ ಕರಗಿದರು. ಅಂಥದ್ದರಲ್ಲಿ ಕಳೆದ ವರ್ಷ ಹೊಸ ಪ್ರಾಂಶುಪಾಲರು ಭಾವನವರನ್ನು ಕರೆಸಿ, ಈ ಸಲದ ಅಂತರಕಾಲೇಜು ಪಂದ್ಯಕ್ಕೆ ಹನ್ನೊಂದು ಹುಡುಗಿಯರು ಪೂರ್ತಿ ಇಳಿದರೆ ಹಾಕಿ ಉಳಿಯುತ್ತದೆ, ಇಲ್ಲವಾದರೆ ಮೈದಾನದಲ್ಲಿ ಹೊಸ ಕಟ್ಟಡ ಏಳುತ್ತದೆ ಎಂದರು. ಮಾತು ಬಹಳ ಮರ್ಯಾದೆಯಿಂದಲೇ ಆಡಿದರಂತೆ, ಚಹಾ ಕೂಡ ಕೊಟ್ಟರಂತೆ.

ಅಂದಿನಿಂದ ನಮ್ಮ ಮನೆಯಲ್ಲಿ ಹನ್ನೊಂದೇ ಮಂತ್ರ. ಭಾವನವರು ನಿಗಡಿ ಸಾಲದೆಂದು ಆಕುರ್ಡಿಯ ಓಣಿಗಳನ್ನೂ ಸುತ್ತಿದರು. ಬಸ್ ಸ್ಟಾಪಿನಲ್ಲಿ ಜಿದ್ದಿಗೆ ಬಿದ್ದವಳಂತೆ ನಿಂತ ಹುಡುಗಿಯನ್ನು ಕಂಡು, ಗೋಲ್‌ಕೀಪರ್ ಆಗುತ್ತೀಯಾ ಎಂದು ಕೇಳಿದರು. ಅವಳು ಬಸ್ಸಿಗೆ ಕಾಯುತ್ತಿರಲಿಲ್ಲ, ಯಾರಿಗೋ ಕಾಯುತ್ತಿದ್ದಳು. ಆ ಯಾರೋ ಬಂದು ಭಾವನವರನ್ನು ವಿಚಾರಿಸಿಕೊಂಡ. ಕೊನೆಗೆ ಅಂತೂ ಇಂತೂ ಲೆಕ್ಕ ಹನ್ನೊಂದಕ್ಕೆ ಬಂದು ನಿಂತಿತು. ಅದಕ್ಕಿಂತ ಒಂದು ಹೆಚ್ಚಿಲ್ಲ. ಹುಡುಗಿಯರಲ್ಲಿ ಯಾರಾದರೂ ಸೀನಿದರೆ ಇವರು ಕಷಾಯ ಕಾಯಿಸಿಕೊಂಡು ಹೋಗುತ್ತಿದ್ದರು.

ಆ ಹನ್ನೊಂದರಲ್ಲಿ ಒಬ್ಬಳು ಭೋಸರಿಯ ಹುಡುಗಿ. ಅವಳ ಅಪ್ಪ ನಮ್ಮ ಇಂಡಿ ತಾಲೂಕಿನ ಕಡೆಯವನು, ಭೋಸರಿಯ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಷೀನಿನ ಮೇಲೆ ಕೆಲಸ. ಮನೆಯಲ್ಲಿ ನಮ್ಮ ಹಾಗೇ ಕನ್ನಡ. ಸೆಂಟರ್ ಹಾಫ್ ಆಡುತ್ತಿದ್ದಳು. ಹಾಕಿ ತಿಳಿಯದ ನನಗೂ ಅವಳ ಆಟ ನೋಡಿದರೆ ತಿಳಿಯುತ್ತಿತ್ತು, ಈ ಹುಡುಗಿ ಈ ಕೆಮ್ಮಣ್ಣಿನವಳಲ್ಲ, ಎಲ್ಲೋ ಹೋಗತಕ್ಕವಳು ಎಂದು. ಪ್ರಾಕ್ಟೀಸ್ ಮುಗಿದ ಮೇಲೆ ಭಾವನವರ ಜೊತೆ ನಮ್ಮ ಮನೆಗೆ ಬಂದು, ನನ್ನನ್ನು ಕಾಕೂ ಎಂದು ಕರೆದು, ಅಡಿಗೆಮನೆಯಲ್ಲಿ ಡಬ್ಬಿಗಳ ಮುಚ್ಚಳ ತೆರೆದು ಚಕ್ಕುಲಿ ಹುಡುಕುತ್ತಿದ್ದಳು. ಮಕ್ಕಳಿಲ್ಲದ ಮನೆ ನಮ್ಮದು. ಆ ಡಬ್ಬಿಗಳ ಸದ್ದು ನನಗೆ ಬೇಕಾಗಿತ್ತು.

ಪಂದ್ಯಕ್ಕೆ ಇನ್ನೂ ಒಂದು ತಿಂಗಳಿದೆ ಎನ್ನುವಾಗ ದೂರದ ಊರಿನ ಒಂದು ಹಾಕಿ ಹಾಸ್ಟೆಲಿನಿಂದ ಅವಳಿಗೆ ಕರೆ ಬಂತು. ಟರ್ಫಿನ ಮೈದಾನ, ಊಟ, ಓದು, ದೊಡ್ಡ ಕೋಚುಗಳು. ಅದೇ ವಾರ ಬಂದು ಸೇರಬೇಕು. ಅರ್ಜಿ ಹಾಕಿದ್ದು ಯಾರು ಅಂದುಕೊಂಡಿರಿ? ಭಾವನವರೇ! ಆರು ತಿಂಗಳ ಹಿಂದೆಯೇ ಅವಳ ಆಟವನ್ನು ಮೊಬೈಲಿನಲ್ಲಿ ಹಿಡಿಸಿ, ಹಳೆಯ ಪರಿಚಯದವರಿಗೆ ಗಂಟುಬಿದ್ದು, ಯಾರಿಗೂ ಹೇಳದೆ ಕಳಿಸಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಭಾವಾರ, ಅಕೀ ಹ್ವಾದ್ರ ಹತ್ತ ಮಂದಿ ಉಳೀತಾರ. ನಿಮಗ ಲೆಕ್ಕ ಬರತದೋ ಇಲ್ಲೋ?"

"ಬರತದ."

"ಒಂದ್ ತಿಂಗಳ ತಡೀ ಅಂತ ಆ ಹಾಸ್ಟೆಲಿನವರಿಗೆ ಹೇಳ್ರಿ. ಪಂದ್ಯ ಮುಗೀಲಿ, ಆಮ್ಯಾಲೆ ಹೋಗ್ಲಿ."

"ಕೇಳೇನಿ. ಅಲ್ಲಿ ಕಾಟ್ ಖಾಲಿ ಇಡೂದಿಲ್ಲಂತ. ಬ್ಯಾರೆ ಹುಡುಗಿ ಬರತಾಳ."

"ಮತ್ತ ನಿಮ್ಮ ಗ್ರೌಂಡ್? ಇಷ್ಟ್ ವರ್ಷ ಮಾಡಿದ್ದು?"

ಭಾವನವರು ಬೂಟಿನ ಲೇಸು ಬಿಚ್ಚುತ್ತಿದ್ದರು. ಬಿಚ್ಚಿ, ಬೂಟು ಎರಡನ್ನೂ ಗೋಡೆಗೆ ಸರಿಸಿಟ್ಟರು.

"ಇಷ್ಟ್ ವರ್ಷ ಮಾಡಿದ್ದು ಅಕೀನ ಅಲ್ಲೇನವಾ?" ಎಂದರು. "ಗ್ರೌಂಡ್ ಇಟಗೊಂಡು ಅಕೀನ್ನ ಕಳಕೊಂಡ್ರ ನಾ ಯಾರಿಗೆ ಕೋಚ್?"

 ನನ್ನ ಸಿಟ್ಟು ಇಳಿಯಲಿಲ್ಲ. ಅವತ್ತು ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ, ಅವರು ಸುಮ್ಮನೆ ಉಂಡು ಎದ್ದರು.

ಹುಡುಗಿಯೇನೂ ಕುಣಿದಾಡಲಿಲ್ಲ. ಹೋಗುವುದಿಲ್ಲ ಎಂದು ಹಟ ಹಿಡಿದು ಕೂತಳು. ತಾನು ಹೋದರೆ ಟೀಮು ಮುಚ್ಚುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಾಲೇಜಿನ ಸಿಪಾಯಿಗೂ ಗೊತ್ತಿದ್ದ ವಿಷಯ ಅದು. ಅಪ್ಪ ಹೇಳಿದ, ಅವ್ವ ಹೇಳಿದಳು, ಕೇಳಲಿಲ್ಲ. ಕೊನೆಗೆ ಭಾವನವರು ಒಂದು ಸಂಜೆ ಅವಳನ್ನು ನಮ್ಮ ಮನೆಗೆ ಕರೆಸಿ, ನನ್ನ ಎದುರಿಗೇ, ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಸುಳ್ಳನ್ನು ಹೇಳಿದರು.

"ಹನ್ನೊಂದನೇದಾಕಿ ಸಿಕ್ಕಾಳ. ನೀ ಹೋಗು."

"ಯಾರ್ರಿ ಸರ್? ಎಲ್ಲೆ ಸಿಕ್ಕಳು?"

"ರಂಗೋಲಿ ಹಾಕಾಕತ್ತಿದ್ಲು. ನಿನಗಿಂತ ಚಲೋ ಬಗ್ಗತಾಳ."

ಹುಡುಗಿಯ ಮುಖ ಸಣ್ಣದಾಯಿತು. ನಂತರ ನನ್ನ ಕಡೆ ತಿರುಗಿ, "ಖರೇನ್ರಿ ಕಾಕೂ?" ಎಂದಳು. ಭಾವನವರು ನನ್ನನ್ನು ನೋಡಲಿಲ್ಲ. ಮೇಜಿನ ಮೇಲಿನ ತಮ್ಮ ಸೀಟಿಯನ್ನು ಎತ್ತಿ ಪಂಜೆಯ ತುದಿಯಿಂದ ಒರೆಸತೊಡಗಿದರು. ನಾನು ಏನು ಹೇಳಲಿ? "ಹೌದವಾ, ಭಾಳ ಚಲೋ ಹುಡುಗಿ" ಎಂದೆ. ಅವಳು ಡಬ್ಬಿ ತೆರೆಯದೆ, ಚಹಾವನ್ನೂ ಕುಡಿಯದೆ ಹೊರಟುಹೋದಳು.

ಅವಳನ್ನು ಕಳಿಸಲು ನಾವಿಬ್ಬರೂ ಚಿಂಚವಾಡ ಸ್ಟೇಶನ್ನಿಗೆ ಹೋದೆವು. ಲೋಕಲ್ ಹಿಡಿದು ಪುಣೆಗೆ, ಅಲ್ಲಿಂದ ರಾತ್ರಿಯ ದೊಡ್ಡ ಗಾಡಿ. ಅವಳ ಅಪ್ಪ ರಜೆ ಹಾಕಿ ಜೊತೆಗೆ ಹೊರಟಿದ್ದ. ಹೊಸ ಚೀಲ, ಹೊಸ ಬೂಟು, ಹಳೆಯ ಸ್ಟಿಕ್. ನಾನು ಚಕ್ಕುಲಿಯ ಡಬ್ಬಿ ಕೊಟ್ಟೆ. ಭಾವನವರು ಏನಾದರೂ ಒಳ್ಳೆಯ ಮಾತು ಹೇಳುತ್ತಾರೆಂದು ಕಾದೆ. ಅವರು ಅವಳ ಸ್ಟಿಕ್ಕಿನ ಹಿಡಿಕೆಯ ಟೇಪು ಎಳೆದು ನೋಡಿ, "ಇದು ಸಡ್ಲ ಆಗೇದ, ಅಲ್ಲಿ ಹೋಗಿ ಮೊದಲ ಸುತ್ತಿಸು" ಎಂದರು. ಲೋಕಲ್ ಬಂತು. ಅವಳು ಅವರ ಕಾಲಿಗೆ ಬಿದ್ದು, ನನ್ನ ಕಾಲಿಗೆ ಬಿದ್ದು, ಹತ್ತಿ ಬಾಗಿಲಲ್ಲಿ ನಿಂತಳು. ಗಾಡಿ ಬಿಟ್ಟಿತು. ಭಾವನವರು ಕೈ ಎತ್ತಿ ಹಾಗೇ ನಿಂತಿದ್ದರು. ಕೊನೆಯ ಬೋಗಿ ಹೋದ ಮೇಲೂ ಕೈ ಇಳಿಸಲಿಲ್ಲ.

ಆಮೇಲೆ ಚಹಾ ತರುತ್ತೇನೆಂದು ಪ್ಲಾಟ್‌ಫಾರ್ಮಿನ ತಳ್ಳುಗಾಡಿಯ ಕಡೆಗೆ ಹೋದರು. ನಾನು ಬೆಂಚಿನ ಮೇಲೆ ಕೂತೆ. ಆಗ ನನ್ನ ಮೊಬೈಲು ರಿಂಗಾಯಿತು. ಅವಳೇ. ಲೋಕಲಿನ ಗದ್ದಲದಲ್ಲಿ ಕೂಗಿ ಮಾತಾಡುತ್ತಿದ್ದಳು.

"ಕಾಕೂ, ಸರ್ ಬಾಜೂಕ ಅದಾರೇನು?"

"ಇಲ್ಲವಾ, ಚಾ ತರಾಕ ಹೋಗ್ಯಾರ."

"ಆ ಹೊಸಾ ಹುಡುಗಿಗೆ ಒಂದ್ ಮಾತು ಹೇಳಬೇಕ್ರಿ. ಸರ್‌ಗೆ ಗೊತ್ತಾಗಬಾರದು. ನೀವು ಹೇಳತೀರಿ?"

"ಹೇಳತೀನಿ. ಏನು?"

"ಆಡೂ ಮುಂದ ಎಲ್ಲಾರ ಹೆಸರ ಹಿಡದು ಜೋರಾಗಿ ಒದರಬೇಕಂತ ಹೇಳ್ರಿ. ಪೂಜಾ ತಗೋ, ಪೂಜಾ ಎಡಕ ಬಂದ್ಲು ಅಂತ, ಚೆಂಡ್ ಎಲ್ಲಿ ಹೋಗತದ ಅಲ್ಲೀದು ಹೇಳತಿರಬೇಕು. ಸರ್‌ಗೆ ಎದುರಿಂದಷ್ಟ ಕಾಣತದ್ರಿ. ಎಡಕ ಬಲಕ ಬಾಜೂದ್ದು ಏನೂ ಕಾಣೂದಿಲ್ಲ."

ನನಗೆ ಅರ್ಥವಾಗಲಿಲ್ಲ. "ಏನಂದಿ?" ಎಂದೆ.

"ಹ್ವಾದ ವರ್ಷ ಒಮ್ಮೆ ಬಾಜೂಲಿಂದ ಚೆಂಡ್ ಬಂದು ಕಾಲಿಗೆ ಬಡೀತು. ಸರ್ ಸರೀಲೇ ಇಲ್ಲ. ನಾನ ಹಟ ಮಾಡಿ ಕಣ್ಣಿನ ದವಾಖಾನಿಗೆ ಕರಕೊಂಡ್ ಹೋಗಿದ್ದೆ. ನರ ಒಣಗಾಕತ್ತಾವಂತ, ಹೋದದ್ದು ತಿರುಗಿ ಬರೂದಿಲ್ಲಂತ. ಔಷಧ ಹಾಕಿದ್ರ ಉಳಿದದ್ದು ಸ್ವಲ್ಪ ದಿನ ಉಳೀತದಂತ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಾರ್ರಿ. ನಾ ಇದ್ದಾಗ ನಾ ಒದರತಿದ್ದೆ. ಅಕೀಗೆ ಗೊತ್ತಿರೂದಿಲ್ಲಲ್ಲ, ಅದಕ್ಕ ಹೇಳಿದೆ. ಮರೀಬ್ಯಾಡ್ರಿ ಕಾಕೂ."

"ಇಲ್ಲವಾ. ಹೇಳತೀನಿ ಅಕೀಗೆ" ಎಂದೆ. 

ಒಂದೇ ಮನೆಯಲ್ಲಿ ಇದ್ದೇನೆ. ದಿನಾ ಎರಡು ಹೊತ್ತು ಎದುರಿಗೆ ಕೂಡಿಸಿ ಬಡಿಸಿದ್ದೇನೆ. ಎದುರಿಗೆ ಇದ್ದದ್ದಕ್ಕೇ ತಿಳಿಯಲಿಲ್ಲವೋ ಏನೋ. ಆ ಹುಡುಗಿಯನ್ನು ಕಳಿಸಿದರೆ ಟೀಮು ಹೋಗುತ್ತದೆ, ಮೈದಾನ ಹೋಗುತ್ತದೆ ಎಂದು ನಾನು ಅವರಿಗೆ ಲೆಕ್ಕ ಹೇಳಿದ್ದೆ. ಅವರು ತಮ್ಮ ಕಣ್ಣನ್ನೇ ಗಾಡಿ ಹತ್ತಿಸಿ ಕಳಿಸಿದ್ದರು, ಅದೂ ಟೇಪು ಸುತ್ತಿಸು ಎಂದು ಬೈದು. ನನಗೆ ದುಃಖ ಒತ್ತಿ ಬಂತು. ಅವರು ಎರಡು ಕಪ್ಪು ಹಿಡಿದು, ತಲೆಯನ್ನು ಆ ಕಡೆ ಈ ಕಡೆ ಹೊರಳಿಸುತ್ತ, ಜನರ ನಡುವೆ ನನ್ನನ್ನು ಹುಡುಕುತ್ತ ಬರುತ್ತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು ನಾನೇ ಎದ್ದು ಹೋದೆ.

"ಯಾರದು ಫೋನು?" ಎಂದರು.

"ಆಫೀಸಿಂದು" ಎಂದೆ.

ಚಹಾ ಕುಡಿದು ಸ್ಟೇಶನ್ನಿನ ಹೊರಗೆ ಬಂದೆವು. ನಿಗಡಿಯ ಬಸ್ಸು ನಿಲ್ಲುವುದು ಹೆದ್ದಾರಿಯ ಆಚೆ ಬದಿಗೆ. ಸಂಜೆಯ ಶಿಫ್ಟು ಬಿಡುವ ಹೊತ್ತು. ಕಂಪನಿ ಬಸ್ಸುಗಳು, ಟೆಂಪೋಗಳು, ಮೋಟರ್‌ಸೈಕಲ್ಲುಗಳು ಒಂದರ ಮೇಲೊಂದು ಬರುತ್ತಿದ್ದವು. ಭಾವನವರು ನೇರ ಎದುರಿಗೆ ನೋಡುತ್ತ ಫುಟ್‌ಪಾತಿನಿಂದ ಒಂದು ಕಾಲು ಕೆಳಗಿಟ್ಟರು.

"ಭಾವಾರ, ಬಲಕ್ಕ ಬಸ್ ಬಂತ್ರಿ" ಎಂದು ಜೋರಾಗಿ ಹೇಳಿದೆ.

"ಕಾಣತದ ನನಗ" ಎಂದರು. ಕಾಲು ಮಾತ್ರ ಹಿಂದೆ ತೆಗೆದುಕೊಂಡರು.

ಬಸ್ಸು ಹೋಯಿತು. ಅವರು ನಿಂತೇ ಇದ್ದರು. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿಯನ್ನು ಭಾವ ಮುಟ್ಟುವ ಪದ್ಧತಿಯಿಲ್ಲ. ನಮ್ಮವರು ಹೋದ ದಿನವೂ ಅವರು ದೂರದಲ್ಲೇ ನಿಂತು ಅತ್ತಿದ್ದರು. ಈಗ ಅವರ ಕೈ ಗಾಳಿಯಲ್ಲಿ ಸ್ವಲ್ಪ ತಡಕಾಡಿ ನನ್ನ ಮೊಣಕೈ ಹಿಡಿಯಿತು. ಬಿಗಿಯಾಗಿ ಹಿಡಿಯಿತು.

"ಮುಂದ ಹೇಳವಾ" ಎಂದರು.